ಅಣ್ಣ ಹೇಳಿದ ‘ಆವು’

ಅಣ್ಣನ ಎಡ ಹುಬ್ಬು ಅರ್ಧವೇ ಇತ್ತು. ಹಳೆಯ ಸ್ಟೋವೊಂದು ಭಗ್ಗೆಂದು ಉರಿದು ಉಳಿದರ್ಧವನ್ನು ಸುಟ್ಟಿತ್ತಂತೆ. ಹಾಗಾಗಿ ಅವರು ಸುಮ್ಮನೆ ನೋಡಿದರೂ ಜಗಳಕ್ಕೆ ನಿಂತವರಂತೆ ಕಾಣುತ್ತಿದ್ದರು. ಉಡುಪಿ ಕಡೆಯವರು; ನಮಗೆಲ್ಲ ಅಣ್ಣ. ಮುಂಬಯಿ ಕಾಂದಿವಲಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ಅವರದು ಸ್ವಂತದ ಸಣ್ಣ ಹೋಟೆಲು. ನಾನು ಮೈಸೂರಿನವಳು, ಅದೇ ಎಸ್ಟೇಟಿನ ಲೇಬಲ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಸಾಂಬಾರಿಗೆ ಬೆಲ್ಲ ಜಾಸ್ತಿಯೆಂದು ನಾನು ಕೆಣಕಿದರೆ, “ನಿನ್ನ ಬಾಯಲ್ಲಿ ಅದಾದ್ರೂ ಸಿಹಿ ಇರ್ಲಿ ಮಾರಾಯ್ತಿ,” ಎನ್ನುತ್ತಿದ್ದರು.

ಎಸ್ಟೇಟು ಸಾಯುತ್ತಾ ಬಂದಿತ್ತು. ಕಾರ್ಖಾನೆಗಳು ಒಂದೊಂದಾಗಿ ಊರಾಚೆ ಹೋದವು. ಸಂಜೆಯಾದರೆ ಮುಚ್ಚಿದ ಶಟರುಗಳು, ನಿಂತ ಟ್ರಕ್ಕುಗಳು, ಅಷ್ಟೇ. ಅಂಥದೊಂದು ಸಂಜೆ ಟ್ರಕ್ಕುಗಳ ನಡುವೆ ಒಬ್ಬ ನನ್ನ ಹಿಂದೆ ಬಿದ್ದ. ನಾನು ಬಿರಬಿರನೆ ನಡೆದರೆ ಅವನೂ ಹಾಗೆಯೇ. ಕೂಗಿದರೆ ಕೇಳುವವರಿರಲಿಲ್ಲ. ಓಡಿಹೋಗಿ ಅಣ್ಣನ ಅರ್ಧ ಎಳೆದ ಶಟರು ಬಡಿದೆ. ಅವರು ಸೌಟು ಹಿಡಿದೇ ಹೊರಬಂದು ನಿಂತರು. ಆ ಹುಬ್ಬೇ ಸಾಕಾಯಿತು. ಅವನು ತಿರುಗಿ ನಡೆದ.

ಮರುದಿನದಿಂದ ಗಿರಾಕಿ ಇರಲಿ ಬಿಡಲಿ, ನನ್ನ ಕೆಲಸ ಮುಗಿಯುವ ತನಕ ಹೋಟೆಲು ತೆರೆದಿರುತ್ತಿತ್ತು. ಆಮೇಲೆ ಅಕ್ಕಿಯ ರೇಟನ್ನು ಬೈಯುತ್ತಾ ಗೇಟಿನ ತನಕ ಜೊತೆಗೆ ಬರುತ್ತಿದ್ದರು.

ಆಗ ಬಿಲ್ಡರ್ ಬಂದ. ಎಲ್ಲವನ್ನೂ ಒಡೆದು ಕೆಳಗೆ ಅಂಗಡಿ, ಮೇಲೆ ಆಫೀಸು, ಅದರ ಮೇಲೆ ಮನೆ; ನಡುವೆ ಗಾಡಿಗಳಿಲ್ಲದ, ಜನ ನಡೆದಾಡುವ ಬೀದಿ. ಕಟ್ಟಿ ಮುಗಿಸುವ ತನಕ ಎಲ್ಲರೂ ಖಾಲಿ ಮಾಡಬೇಕು. ವರ್ಷಗಟ್ಟಲೆ ಮುಚ್ಚಿದ ಹೋಟೆಲಿಗೆ ಗಿರಾಕಿ ಮರಳುವುದಿಲ್ಲ, ಅಣ್ಣನ ವಯಸ್ಸೂ ಕಾಯುವುದಿಲ್ಲ. ಕಂಪನಿಯ ಪರವಾಗಿ ನಾನೂ ಹೋಗಿದ್ದ ಮೀಟಿಂಗಿನಲ್ಲಿ ಮಾಲೀಕರು ಎರಡು ಪಾಲಾಗಿ ಕಿರುಚಾಡುತ್ತಿದ್ದರು. ಬೇಡವೆನ್ನುವವರು ಅಣ್ಣನನ್ನೇ ನೆಚ್ಚಿಕೊಂಡಿದ್ದರು. ಬಿಲ್ಡರನ ಧಡೂತಿ ಆಳೊಬ್ಬ ಬಾಗಿಲಿಗೆ ಅಡ್ಡ ನಿಂತಿದ್ದ.

“ಅಣ್ಣಾ, ತುಮ್ ಬೋಲೋ,” ಎಂದು ಎಸ್ಟೇಟಿನ ಸೆಕ್ರೆಟರಿ ಅವರ ಅಭಿಪ್ರಾಯ ಕೇಳಿದರು.

ಅಣ್ಣ ತಲೆಯೆತ್ತಿ, “ಆವು,” ಎಂದರು.

ಧಡೂತಿ ಆಳು ತೋಳೇರಿಸಿ ಮುಂದೆ ಬಂದ. “ಕ್ಯಾ? ಆವೋ? ಕಿಸ್ಕೋ ಬುಲಾತಾ ಹೈ?”

ಹಿಂದಿಯಲ್ಲಿ ‘ಬಾ’ ಎಂದು ಜಗಳಕ್ಕೆ ಕರೆದಂತೆ ಅವನಿಗೆ ಕೇಳಿಸಿತ್ತು. ಕುರ್ಚಿಗಳು ಸರಿದವು. ಗಾಬರಿಯಾದರೆ ಅಣ್ಣನ ಬಾಯಿಗೆ ತುಳು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಇನ್ನೊಂದು ಪ್ಲೇಟ್ ಇಡ್ಲಿ ಕೇಳಿದರೂ ‘ಆವು’, ಆಗಲಿ, ಎನ್ನುತ್ತಿದ್ದ ಮನುಷ್ಯ. ನಾನು ನಡುವೆ ನುಗ್ಗಿ, “ಆವೋ ನಹೀಂ ಭಾಯ್, ತುಳು ಮೇ ಹಾಂ ಬೋಲಾ,” ಎಂದೆ. ಅವರು ಒಪ್ಪಿಬಿಟ್ಟಿದ್ದಾರೆ ಎಂಬುದು ಹೇಳಿದ ಮೇಲಷ್ಟೇ ನನ್ನ ತಲೆಗೆ ಹೋಯಿತು.

ಗೇಟಿನ ತನಕ ಬೈದೆ. “ಹೋಟ್ಲೇ ಹೋಗುತ್ತಲ್ಲ ಅಣ್ಣ. ತಲೆ ಕೆಟ್ಟಿದ್ಯಾ ನಿಮಗೆ?”

“ನಾನೊಬ್ಬ ಎಷ್ಟು ದಿನ ಅಂತ ಕಾಯುವುದು ಮಾರಾಯ್ತಿ? ಮನೆ ಬಂದ್ರೆ ಕಿಟಕಿಯಲ್ಲಿ ಯಾರಾದ್ರೂ ಇರ್ತಾರೆ. ಮಕ್ಕಳು ಆಡ್ತಾರೆ. ಹೆಂಗಸರು ಹೆದರದೆ ನಡೀಬಹುದು.”

ಖಾಲಿ ಮಾಡಿದ ಮೇಲೆ ಅವರು ಭಾಂಡುಪಿನ ಮಗಳ ಮನೆಯಲ್ಲಿದ್ದರು. ಬೀದಿ ತೆರೆಯುವ ಮೊದಲೇ ತೀರಿಕೊಂಡರು. ಅವರ ಪಾಲಿನ ಅಂಗಡಿಯಲ್ಲಿ ಈಗ ಕನ್ನಡಕ ಮಾರುತ್ತಾರೆ. ನಮ್ಮ ಕಂಪನಿ ಅಲ್ಲಿಗೇ ಮರಳಿದೆ. ಕತ್ತಲಾದ ಮೇಲೂ ಯಾವುದೋ ಬಾಲ್ಕನಿಯಿಂದ ಮಗುವನ್ನು ಊಟಕ್ಕೆ ಕರೆಯುವ ದನಿ ಕೇಳುತ್ತದೆ. ಒಬ್ಬಳೇ, ಹಿಂದೆ ತಿರುಗಿ ನೋಡದೆ, ಆ ಬೀದಿಯುದ್ದಕ್ಕೂ ನಡೆಯುತ್ತೇನೆ. ಹೆದರಿಕೆಯಾಗುವುದಿಲ್ಲ. ಅಳು ಬರುತ್ತದೆ.