ಹಸಿರುಮನೆಯಲ್ಲಿ ಖಡಕ್ ರೊಟ್ಟಿ

ಕಾಂದಿವಲಿಯಲ್ಲಿ ನಮ್ಮ ಸೇಠರ ಪ್ಯಾಕಿಂಗ್ ಕಾರ್ಖಾನೆಯ ತಾರಸಿಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಸಿರುಮನೆ. ಒಳಗೆ ದೊಣ್ಣೆಮೆಣಸಿನಕಾಯಿ ಗಿಡಗಳು. ಅವುಗಳನ್ನು ನೋಡಿಕೊಳ್ಳಲು ನಾನು, ಮತ್ತು ನನಗಿಂತ ಹಿರಿಯರಾದ, ವಿಜಯಪುರದ ಕಡೆಯ ಆಪಾ. ಮೂಲೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಆ ಗ್ಯಾಸಿನಿಂದ ಗಿಡ ಬೇಗ ಬೆಳೆಯುತ್ತದೆ, ಕಿಟಕಿ ತೆರೆದು ಅದನ್ನು ಗಾಳಿಗೆ ಬಿಡಬೇಡಿ ಎಂದು ಸೇಠರ ಕಟ್ಟಪ್ಪಣೆ. ಅವರು ಏಸಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದರು. ಮಳೆಗಾಲದ ಮುಂಬಯಿಯಲ್ಲಿ ಆ ಮುಚ್ಚಿದ ಮನೆಯೊಳಗೆ ಬೇಯುತ್ತಿದ್ದವರು ನಾವು.

ಗಿಡಗಳು ಬರೀ ಎಲೆಯಲ್ಲಿ ಸೊಕ್ಕಿದವು. ಹೂವು ಬಿಟ್ಟಷ್ಟೂ ಉದುರಿತು. ಕಾಯಿ ಕಟ್ಟದಿದ್ದರೆ ಇದನ್ನು ಮುಚ್ಚಿ ನಿಮ್ಮಿಬ್ಬರನ್ನೂ ಕೆಳಗಿನ ಪ್ಯಾಕಿಂಗಿಗೆ ಹಾಕುತ್ತೇನೆ ಎಂದರು ಸೇಠರು. ಅಲ್ಲಿ ಕಿಟಕಿಯೇ ಇಲ್ಲ. ತಾರಸಿಯಲ್ಲಾದರೆ ನೀರಿನ ಟಾಕಿಯ ಪಕ್ಕ ತುಸು ಬಯಲಿತ್ತು. ಮಧ್ಯಾಹ್ನ ಅಲ್ಲಿ ಕೂತು ಬುತ್ತಿ ಬಿಚ್ಚಿದರೆ ಗಾಳಿ ಬರುತ್ತಿತ್ತು, ದೂರದಲ್ಲಿ ಲೋಕಲ್ ರೈಲು ಹೋಗುವುದು ಕಾಣುತ್ತಿತ್ತು. ಆ ಒಂದಿಷ್ಟು ಗಾಳಿಗಾಗಿಯೇ ನಾನು ಈ ಕೆಲಸ ಬಿಟ್ಟಿರಲಿಲ್ಲ.

ಒಂದು ದಿನ ಮಳೆ ಜೋರಾಗಿತ್ತೆಂದು ಒಳಗೇ ಬುತ್ತಿ ಬಿಚ್ಚಿದೆವು. ಮಾತಿನಲ್ಲಿ ಮೈಮರೆತೆವು. ನೋಡಿದರೆ ಆಪಾ ತಂದಿದ್ದ ಖಡಕ್ ರೊಟ್ಟಿ ಒದ್ದೆ ಅರಿವೆಯಂತೆ ಜೋತುಬಿದ್ದಿದೆ.

"ಮುಂಜಾನೆ ಮುರದ್ರ ಟಕ್ ಅಂತಿತ್ತು. ಈಗ ಹಲ್ಲಿಲ್ಲದ ಮುದುಕಿನೂ ತಿಂತಾಳ ನೋಡ ತಂಗಿ," ಎಂದರು ಆಪಾ.

ಅಷ್ಟರಲ್ಲಿ ಸೇಠರು ಬಂದರು. ಆಪಾ ನಗುತ್ತ ಒಂದು ರೊಟ್ಟಿಯನ್ನು ಅವರ ಕೈಗಿತ್ತರು. ಅವರು ಅದನ್ನು ಮಡಚಿದರು, ಅದು ಮುರಿಯಲಿಲ್ಲ. ಗುಜರಾತಿ ಮನುಷ್ಯ, ಮನೆಯಲ್ಲಿ ಗರಿಗರಿ ಖಾಖ್ರಾ ತಿಂದು ಬೆಳೆದವರು. "ಡಬ್ಬಿ ಮುಚ್ಚದಿದ್ದರೆ ನಮ್ಮ ಖಾಖ್ರಾದ್ದೂ ಇದೇ ಗತಿ," ಎಂದು ಹಿಂದಿಯಲ್ಲಿ ಹೇಳಿದರು. ಒಂದು ಹೂವು ಕಿತ್ತು ಅಂಗೈಗೆ ಬಡಿದರು. ಪರಾಗ ಉದುರಲೇ ಇಲ್ಲ, ಮುಚ್ಚಿದ ಮನೆಯ ತೇವಕ್ಕೆ ಹಸಿ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು.

ಮರುದಿನದಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಗ್ಯಾಸ್. ಬಿಸಿಲು ಕಂಡ ಕೂಡಲೇ ಕಿಟಕಿ ತೆರೆದು ಫ್ಯಾನ್ ಹಾಕುತ್ತಿದ್ದೆವು, ಗಿಡಗಳನ್ನು ಮೆಲ್ಲಗೆ ಅಲುಗಿಸುತ್ತಿದ್ದೆವು. ಹೂವು ಉದುರದೆ ನಿಂತಿತು, ಕಾಯಿ ಕಟ್ಟಿತು. ಮೊದಲ ಕಾಯಿ ಕೆಂಪಾದ ದಿನ ಸೇಠರು ಪೇಢೆ ಹಂಚಿದರು. ಪ್ಯಾಕಿಂಗಿನ ಕಾಟ ತಪ್ಪಿತೆಂದು ನಮಗೂ ಖುಷಿಯೋ ಖುಷಿ.

ಪೇಢೆ ತಿನ್ನುತ್ತಲೇ ಸೇಠರು ಟಾಕಿಯ ಪಕ್ಕಕ್ಕೆ ನಡೆದು ಆ ಬಯಲನ್ನು ಕಣ್ಣಳತೆ ಮಾಡಿದರು. ಇಲ್ಲೂ ಒಂದು ಹಸಿರುಮನೆ ಕಟ್ಟೋಣ ಎಂದರು. ನಮಗಿದ್ದ ಗಾಳಿ ಅದೊಂದೇ. ಬಾಯಲ್ಲಿದ್ದ ಅವರ ಪೇಢೆಯನ್ನು ನುಂಗಿದೆ.

"ಕಾಯಿ ಆಗಬಾರ್ದಿತ್ತ ತಂಗಿ," ಎಂದರು ಆಪಾ.

ಈಗ ತಾರಸಿಯ ತುಂಬ ಪ್ಲಾಸ್ಟಿಕ್. ಬುತ್ತಿ ಒಳಗೇ ಬಿಚ್ಚುತ್ತೇವೆ. ಆಪಾ ಖಡಕ್ ರೊಟ್ಟಿ ತರುವುದನ್ನು ಬಿಟ್ಟಿದ್ದಾರೆ, ಚಪಾತಿ ತರುತ್ತಾರೆ.