ತೊಮಿಯೆ ದೊಡ್ಡಮ್ಮನ ಹಣೆ

ಅನ್ನ ಬೆಂದಾಗ ಕುಕ್ಕರು ಯಾವ ರಾಗ ಹಾಡಬೇಕು ಎಂದು ತೀರ್ಮಾನಿಸುವ ವಿಭಾಗವೊಂದು ನಮ್ಮ ಕಂಪನಿಯಲ್ಲಿದೆ. ಯಾರಿಗೂ ಬೇಡವಾದವರನ್ನು ಅಲ್ಲಿಗೆ ಕಳಿಸುತ್ತಾರೆ. ಹೋದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋಗುವುದು ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಅದನ್ನು ತಪ್ಪಿಸಲು ಟೊಂಕ ಕಟ್ಟಿದವರು ನನ್ನ ಬಾಡಿಗೆ ಕೋಣೆಯ ಒಡತಿ ತೊಮಿಯೆ ದೊಡ್ಡಮ್ಮ.

ನಮ್ಮದು ಮನೆಗಳಿಗೆ ಮುಖ ಕಾಣುವ ಫೋನು ತಯಾರಿಸುವ ವಿಭಾಗ. ಯಂತ್ರದ ಒಳಗಿನದ್ದು ಬೇರೆಯವರ ಕೆಲಸ. ಹೊರಗೆ ಗುಂಡಿಗಳನ್ನು ಎಲ್ಲಿ ಇಡಬೇಕು ಅನ್ನುವುದಷ್ಟೇ ನನ್ನದು. ಮೊದಲ ಮಾದರಿಯಲ್ಲಿ ಗುಂಡಿಗಳ ಸಂತೆಯೇ ಇತ್ತು. ಒಂದು ಮಧ್ಯಾಹ್ನ ನೂಡಲ್ ಅಂಗಡಿಗೆ ಫೋನು ಮಾಡಲು ಹೋಗಿ ನಾನೇ ಅದರ ಭಾಷೆಯನ್ನು ಪೋರ್ಚುಗೀಸಿಗೆ ತಿರುಗಿಸಿಬಿಟ್ಟೆ. ಮತ್ತೆ ಜಪಾನಿ ಭಾಷೆಗೆ ತರಲು ನನ್ನಿಂದಾಗಲಿಲ್ಲ. ಅದು ಇವತ್ತಿಗೂ ಗೋದಾಮಿನ ಮೂಲೆಯಲ್ಲಿ ಪೋರ್ಚುಗೀಸಿನಲ್ಲೇ ಒದರುತ್ತಿದೆ.

ಆಮೇಲೆ ನನಗೆ ಜ್ಞಾನೋದಯವಾಯಿತು. ಒಂದೇ ಗುಂಡಿ. ಕಿತ್ತಳೆ ಹಣ್ಣಿನಷ್ಟು ದೊಡ್ಡದು, ಅದೇ ಬಣ್ಣದ್ದು, ಪರದೆಯ ಮುಂದೆ ಮೇಜಿಗೆ ತಾಗಿಕೊಂಡಂತೆ. ಒತ್ತಿದರೆ ಮಾತು ಶುರು, ಮತ್ತೆ ಒತ್ತಿದರೆ ಮುಗಿಯಿತು. ಚೂರು ತಾಗಿದರೂ ಸಾಕು, ಮುದುಕರ ಬೆರಳಿಗೆ ನೋವಾಗಬಾರದಲ್ಲ. ನನ್ನ ಮೇಲಿನವರಾದ ಹಿಗಾಕಿ ಅದನ್ನು ಒತ್ತಿ ಒತ್ತಿ ನೋಡಿ, "ಕುಜುಹಾರ, ಇದು ನಿನ್ನ ಬುದ್ಧಿಗೆ ಮೀರಿದ್ದು," ಎಂದರು. ನಾನು ಹೊಗಳಿಕೆ ಅಂದುಕೊಂಡೆ.

ದೊಡ್ಡ ಸಾಹೇಬರು ಶಿಬಾಯಾಮ ಮಾತ್ರ ಸುಲಭಕ್ಕೆ ಬಗ್ಗುವವರಲ್ಲ. "ಶುಕ್ರವಾರ ನಾನೇ ಆಫೀಸಿನಿಂದ ಫೋನು ಮಾಡ್ತೀನಿ. ಯಾವುದಾದರೂ ಮನೇಲಿ, ಯಂತ್ರ ಅಂದರೆ ಗೊತ್ತಿಲ್ಲದ ಒಬ್ಬ ಹೆಂಗಸು, ಯಾರೂ ಹೇಳಿಕೊಡದೆ, ಒಂದು ಲೋಟ ಚಹಾ ಆರೋವಷ್ಟು ಹೊತ್ತು ನನ್ನ ಜೊತೆ ಮಾತಾಡಬೇಕು. ಆಗದಿದ್ದರೆ ನಿಮ್ಮ ವಿಭಾಗಕ್ಕೆ ಬೀಗ. ಹಿಗಾಕಿಗೆ ಬೇಗ ನಿವೃತ್ತಿ, ಕುಜುಹಾರನಿಗೆ ಕುಕ್ಕರು."

ನನಗೆ ಗೊತ್ತಿದ್ದ ಹೆಂಗಸು ಒಬ್ಬರೇ.

ತೆನ್ಗಾಚಾಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ತೊಮಿಯೆ ದೊಡ್ಡಮ್ಮನ ಸ್ನಾನದಮನೆ ಇದೆ, ಬೀದಿಯವರೆಲ್ಲ ಕಾಸು ಕೊಟ್ಟು ಮೀಯುವ ಜಾಗ. ಮುಂದೆ ಸ್ನಾನ, ಹಿಂದೆ ಅವರ ಮನೆ, ಅದರ ಅಟ್ಟದ ಮೇಲೆ ನಾನು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ, ಬಾಗಿಲಲ್ಲೇ, ಕಾಸು ಇಸಿದುಕೊಳ್ಳಲು ಒಂದು ಎತ್ತರದ ಪೀಠ. ಮದುವೆಯಾಗಿ ಬಂದಂದಿನಿಂದ ದೊಡ್ಡಮ್ಮ ಅದರ ಮೇಲೆ ಕೂತೇ ಇದ್ದಾರೆ. ಎರಡೂ ಕಡೆ ಬಟ್ಟೆ ಬಿಚ್ಚುವವರ ನಡುವೆ ಕೂತು ಯಾರನ್ನೂ ನೋಡದೆ, ಎಲ್ಲರನ್ನೂ ಬಲ್ಲವರು. ಬೀದಿಯ ಯಾವ ದೊಡ್ಡ ಮನುಷ್ಯನ ಹೆಸರು ಎತ್ತಿದರೂ, "ಅವನಾ? ಬೆನ್ನು ತಾನೇ ಉಜ್ಜಿಕೊಳ್ಳೋಕೆ ಬರಲ್ಲ ಅವನಿಗೆ," ಅನ್ನುತ್ತಿದ್ದರು. ಯಾರಿಗೂ ತಲೆಬಾಗಿದವರಲ್ಲ. ಕಾರಣ ಕೇಳಿದರೆ, "ಪೀಠ ಕಿರಿದು. ಬಗ್ಗಿದರೆ ಉರುಳಿ ಗಂಡಸರ ಕಡೆ ಬೀಳ್ತೀನಿ. ನನಗೇನೋ ಪರವಾಗಿಲ್ಲ, ಅವರು ಹೆದರ್ತಾರೆ," ಎನ್ನುತ್ತಿದ್ದರು.

ವಿಷಯ ತಿಳಿಸಿದೆ. "ಅಂದರೆ ನನಗೆ ಬುದ್ಧಿ ಇಲ್ಲ ಅಂತ ಆರಿಸಿಕೊಂಡೆ," ಎಂದರು.

"ಹಾಗಲ್ಲ ದೊಡ್ಡಮ್ಮ. ನೀವು ಸಾಮಾನ್ಯ ಜನ."

"ಅದು ಇನ್ನೂ ಕಡೆ. ಇರಲಿ, ನೀನು ಕುಕ್ಕರಿಗೆ ಹೋದರೆ ಅಟ್ಟಕ್ಕೆ ಇನ್ನೆಂಥವನು ಬರ್ತಾನೋ. ನೀನು ಸ್ನಾನ ಮಾಡುವಾಗ ಹಾಡೋದೊಂದು ಬಿಟ್ಟರೆ ಕೆಟ್ಟವನಲ್ಲ."

ವಾರವಿಡೀ ಅಟ್ಟದಿಂದ ಅವರ ಚಾಪೆಯ ಕೋಣೆಗೆ ಫೋನು ಮಾಡಿ ಅಭ್ಯಾಸ ಮಾಡಿಸಿದೆ. ಅವರು ಗುಂಡಿ ಒತ್ತಿ, ನನ್ನ ಮುಖ ನೋಡಿ, "ತಲೆ ಬಾಚಿಕೋ," ಎಂದು ಹೇಳಿ, ಮತ್ತೆ ಒತ್ತಿ ಮುಗಿಸುತ್ತಿದ್ದರು. ಎಂಟೂ ದಿಕ್ಕಿನಿಂದ ಪರೀಕ್ಷಿಸಿದ್ದೇನೆ ಎಂದು ಹಿಗಾಕಿಗೆ ವರದಿ ಕೊಟ್ಟೆ. ಬಿಟ್ಟುಹೋದದ್ದು ಒಂದೇ ದಿಕ್ಕು. ಅಟ್ಟದ ಬಾಡಿಗೆದಾರನಿಗೆ ಯಾವ ಮನೆಯೊಡತಿ ಬಗ್ಗಿ ನಮಸ್ಕರಿಸುತ್ತಾಳೆ?

ಶುಕ್ರವಾರ ಬಂತು. ದೊಡ್ಡಮ್ಮ ಮದುವೆಗೆ ಹೋಗುವವರಂತೆ ರೇಷ್ಮೆ ಕಿಮೊನೊ ಉಟ್ಟು, ಗಿಡ್ಡ ಮೇಜಿನ ಮುಂದೆ ಮಂಡಿಯೂರಿ ಕೂತರು. ನಾನು ಜಾರುಬಾಗಿಲಿನ ಹಿಂದೆ ನಿಂತು ಬಿರುಕಿನಲ್ಲಿ ನೋಡುತ್ತಿದ್ದೆ. ಉಸಿರೆತ್ತಿದರೂ ಸೋತ ಹಾಗೆ ಎಂದು ಸಾಹೇಬರ ಆಜ್ಞೆ. ಹಿಗಾಕಿಗೆ ಆತಂಕವಾದರೆ ಬಿಸಿನೀರೇ ಮದ್ದು. ಸ್ನಾನದಮನೆ ತೆರೆಯುವ ಮೊದಲೇ ದೊಡ್ಡಮ್ಮನನ್ನು ಕಾಡಿಬೇಡಿ ತೊಟ್ಟಿಗಿಳಿದಿದ್ದರು.

ಫೋನು ಬಡಿಯಿತು. ದೊಡ್ಡಮ್ಮ ಗುಂಡಿ ಒತ್ತಿದರು. ಪರದೆಯ ಮೇಲೆ ಶಿಬಾಯಾಮ ಮೂಡಿದರು, ಚಹಾದ ಲೋಟದ ಸಮೇತ.

"ಸಾಹೇಬರೇ, ನಮ್ಮ ಹುಡುಗ ನಿಮ್ಮ ಕೈಯಲ್ಲಿದ್ದಾನೆ," ಎಂದ ದೊಡ್ಡಮ್ಮ, ಎರಡೂ ಅಂಗೈ ಮೇಜಿನ ಅಂಚಿಗಿಟ್ಟು, ಜೀವಮಾನದಲ್ಲಿ ಯಾರಿಗೂ ಬಾಗಿಸದ ತಲೆಯನ್ನು ನನಗೋಸ್ಕರ ಮೇಜು ಮುಟ್ಟುವವರೆಗೆ ಬಾಗಿಸಿದರು.

ಹಣೆ ಹೋಗಿ ಕಿತ್ತಳೆಯ ಮೇಲೆ ಕೂತಿತು. ಪರದೆ ಕಪ್ಪಾಯಿತು.

ತಲೆಯೆತ್ತಿ ನೋಡಿದರು. "ಎಲ್ಲಿ ಹೋದರು?"

ಮತ್ತೆ ಬಡಿಯಿತು. ಮತ್ತೆ ಸಾಹೇಬರು, ಈಗ ಹುಬ್ಬು ಗಂಟಿಕ್ಕಿತ್ತು. ತಪ್ಪು ತನ್ನದೇ ಇರಬೇಕೆಂದು ದೊಡ್ಡಮ್ಮ, "ಕ್ಷಮಿಸಬೇಕು," ಎಂದರು. ಕ್ಷಮೆ ಕೇಳುವಾಗ ಇನ್ನೂ ಆಳಕ್ಕೆ ಬಗ್ಗಬೇಕು, ಇನ್ನೂ ಹೆಚ್ಚು ಹೊತ್ತು ಬಗ್ಗಿರಬೇಕು. ಅವರು ಏಳುವಷ್ಟರಲ್ಲಿ ಸಾಹೇಬರು ಪರದೆಯಿಂದ ಮಾಯವಾಗಿ ಎಷ್ಟೋ ಹೊತ್ತಾಗಿತ್ತು.

ನಾನು ಬಾಗಿಲಿನ ಹಿಂದೆ ನನ್ನ ಹಣೆಯನ್ನೇ ತೋರಿಸಿ ತೋರಿಸಿ ಚಚ್ಚಿಕೊಂಡೆ. ಅವರು ಬಿರುಕಿನಲ್ಲಿ ನನ್ನನ್ನು ಕಂಡು, "ಅಳಬೇಡ ಮಗಾ," ಎಂದರು. "ನಿಮ್ಮ ಯಜಮಾನರಿಗೆ ತಾಳ್ಮೆ ಇಲ್ಲವೋ, ಈ ಉದ್ದನೆ ತಂತಿ ಸರಿಯಿಲ್ಲವೋ. ತಂತಿ ಮೊದಲು ಬರೋದೇ ಮುಂದಿನ ಪೀಠಕ್ಕೆ. ಅಲ್ಲೇ ಚುಚ್ಚಿ ನೋಡೋಣ."

ಬೇಡ ಎನ್ನಲು ಸಾಹೇಬರ ಆಜ್ಞೆ ಅಡ್ಡ. ಅವರು ಫೋನನ್ನು ಮಗುವಿನಂತೆ ಕಂಕುಳಿಗೇರಿಸಿ ನಡೆದೇಬಿಟ್ಟರು, ನಾನು ಹಿಂದೆ ಹಿಂದೆ. ಅಷ್ಟರಲ್ಲಿ ಸ್ನಾನದಮನೆ ತೆರೆದಿತ್ತು. ದೊಡ್ಡಮ್ಮ ಪೀಠವೇರಿ, ಮುಂದಿನ ಹಲಗೆಯ ಮೇಲೆ ಫೋನು ಇಟ್ಟು, ತಂತಿ ಚುಚ್ಚಿದರು. ತಕ್ಷಣ ಬಡಿಯಿತು.

ಪೀಠದ ಮೇಲೆ ಅವರು ಬಗ್ಗುವವರಲ್ಲವಲ್ಲ. ಗತ್ತಿನಿಂದ ಕತ್ತು ಮಾತ್ರ ಆಡಿಸಿದರು. "ಬಂದಿರಾ? ಚಹಾ ಆರಿತೇನೋ. ಬೇರೆ ಮಾಡಿಸಿಕೊಳ್ಳಿ."

"ಅಮ್ಮಾ, ನೀವು ಎರಡು ಸಲ ನನ್ನನ್ನು ಕತ್ತರಿಸಿದಿರಿ," ಎಂದರು ಶಿಬಾಯಾಮ.

"ನಾನ್ಯಾಕೆ ಕತ್ತರಿಸಲಿ? ನಿಮ್ಮ ಹತ್ತಿರ ಕೇಳೋದಿತ್ತು. ಈ ಹುಡುಗನ್ನ ಕುಕ್ಕರಿಗೆ ಕಳಿಸಬೇಡಿ. ಅವನಿಗೆ ಅನ್ನ ಮಾಡೋಕೆ ಬರಲ್ಲ. ಹೋದ ತಿಂಗಳು ಅವನು ಬೇಯಿಸಿದ್ದನ್ನ ಬೆಕ್ಕು ಮೂಸಿ, ನನ್ನ ಮುಖ ನೋಡಿತು." ಅಲ್ಲಿಂದ ನನ್ನ ಕಾಲುಚೀಲ, ಹಾಡು, ಅಟ್ಟದ ಮೆಟ್ಟಿಲಲ್ಲಿ ನಾನು ಬಿದ್ದದ್ದು, ಎಲ್ಲಾ ಬಂತು. ಸಾಹೇಬರ ಹುಬ್ಬು ಸಡಿಲವಾಯಿತು. ಹೊಸ ಚಹಾ ಬಂದು ಅದೂ ಆರಿತು. ನಾವು ಗೆದ್ದೆವು ಎಂದು ನಾನು ಉಸಿರು ಬಿಡುವ ಹೊತ್ತಿಗೆ, ಗಂಡಸರ ಕಡೆಯ ಗಾಜಿನ ಬಾಗಿಲು ಸರಿದು, ಹಬೆಯ ಜೊತೆ ಹಿಗಾಕಿ ಹೊರಬಂದರು. ಮೈಮೇಲೆ ಇದ್ದದ್ದು ಹೆಗಲ ಮೇಲಿನ ಪುಟ್ಟ ಟವೆಲು ಒಂದೇ.

ಅವರ ಕಿವಿಗೆ ಶಿಬಾಯಾಮರ ದನಿ ಬಿತ್ತು. ಸಾಹೇಬರ ದನಿ ಕೇಳಿದರೆ ಹಿಗಾಕಿಯ ಸೊಂಟ ಹಿಗಾಕಿಯ ಮಾತೇ ಕೇಳುವುದಿಲ್ಲ. ಎಲ್ಲಿದ್ದರೋ ಅಲ್ಲೇ ಕ್ಯಾಮರಾದ ಕಡೆ ತಿರುಗಿ, ಕೈಗಳನ್ನು ತೊಡೆಗಂಟಿಸಿ, ಬಾಗಿದರು. ಟವೆಲು ಜಾರಿ ನೆಲಕ್ಕೆ ಬಿತ್ತು.

ಪರದೆಯಲ್ಲಿ ಶಿಬಾಯಾಮ ಕಣ್ಣರಳಿಸಿ, ಏನು ಮಾಡಬೇಕೆಂದು ತೋಚದೆ, ಗೊತ್ತಿದ್ದ ಒಂದನ್ನೇ ಮಾಡಿದರು. ಅವರೂ ಬಾಗಿದರು, ನೆತ್ತಿಯ ಬೋಳು ಕಾಣುವಷ್ಟು. ಅವರ ಮೇಜಿನ ಮೇಲಿದ್ದದ್ದೂ ನನ್ನ ಫೋನೇ.

ಪರದೆ ಕಪ್ಪಾಯಿತು.

"ನೋಡಿದೆಯಾ?" ಎಂದರು ದೊಡ್ಡಮ್ಮ. "ನಾನಲ್ಲ ಕತ್ತರಿಸಿದ್ದು."

ಸೋಮವಾರ ಸಾಹೇಬರು ಕರೆಸಿದರು. ಹಣೆಯ ಮೇಲೆ ಏನಾದರೂ ಗುರುತು ಇದೆಯೇ ಎಂದು ನೋಡದಿರಲು ನಾನು ಕಿಟಕಿ ನೋಡುತ್ತಿದ್ದೆ.

"ಗುಂಡಿಗೆ ಜಾಗ ಬದಲಾಯಿಸು," ಎಂದರು. "ಚಿತ್ರ ಮಾತ್ರ ಸ್ಪಷ್ಟವಾಗಿ ಬರ್ತದೆ. ಬೇಕಾದ್ದಕ್ಕಿಂತ ಸ್ಪಷ್ಟ."

"ಬೀಗ, ಸಾಹೇಬರೇ?"

"ಮೊದಲು ಗುಂಡಿ."

ಗುಂಡಿಯನ್ನು ಪರದೆಯ ನೆತ್ತಿಗೆ ಏರಿಸಿದೆ. ಹೊಸ ಮಾದರಿಯನ್ನು ದೊಡ್ಡಮ್ಮನ ಚಾಪೆಯ ಕೋಣೆಯಲ್ಲೊಂದು, ಸಾಹೇಬರ ಮೇಜಿನ ಮೇಲೊಂದು ಇಟ್ಟು, ಶಿಬಾಯಾಮರ ಪಕ್ಕದಲ್ಲಿ ನಿಂತು ಫೋನು ಮಾಡಿಸಿದೆ. ದೊಡ್ಡಮ್ಮ ಮೂಡಿದರು, ಸಾಹೇಬರನ್ನು ಕಂಡರು, ಬಾಗಿದರು. ಸಾಹೇಬರೂ ಬಾಗಿದರು. ಎರಡು ಹಣೆಗಳೂ ಮೇಜು ಮುಟ್ಟಿದವು, ಮಾತು ಕಡಿಯಲಿಲ್ಲ.

ನಮ್ಮಲ್ಲಿ ಎದುರಿನವರಿಗಿಂತ ಮೊದಲು ತಲೆಯೆತ್ತುವುದು ಮರ್ಯಾದೆಯಲ್ಲ. ಎದುರಿಗೆ ಕೂತಿದ್ದರೆ ಓರೆಗಣ್ಣಲ್ಲಿ ತಿಳಿಯುತ್ತದೆ; ಇಲ್ಲಿ ಇಬ್ಬರಿಗೂ ಕಾಣುತ್ತಿದ್ದದ್ದು ಮೇಜು. ಹಾಗೇ ಇದ್ದರು. ಚಹಾ ಆರುತ್ತಾ ಇತ್ತು.

ಕೊನೆಗೆ ಪರದೆಯ ತಳದಿಂದ ದೊಡ್ಡಮ್ಮನ ದನಿ ಬಂತು. "ಮಗಾ, ಸಾಹೇಬರು ಎದ್ದರಾ?"

"ಇನ್ನೂ ಇಲ್ಲ ದೊಡ್ಡಮ್ಮ."

ನನ್ನ ಪಕ್ಕದಿಂದ, ಮೇಜಿಗೆ ಮುಖ ಒತ್ತಿಕೊಂಡೇ ಶಿಬಾಯಾಮ ಕೇಳಿದರು: "ಕುಜುಹಾರ, ಆ ಅಮ್ಮ ಕುಕ್ಕರಿನ ವಿಷಯ ಬಿಟ್ಟಿದ್ದಾರಾ?"

"ನೀವು ಹೂಂ ಅನ್ನೋವರೆಗೆ ಏಳಲ್ಲ ಅಂತ ಕಾಣುತ್ತೆ, ಸಾಹೇಬರೇ."

"ಹೂಂ," ಎಂದರು ಸಾಹೇಬರು.

ದೊಡ್ಡಮ್ಮ ತಲೆಯೆತ್ತಿ, ಕೂದಲು ಸರಿಮಾಡಿಕೊಂಡು, ಸಾಹೇಬರ ಬೋಳುನೆತ್ತಿಯನ್ನು ಒಂದು ಗಳಿಗೆ ಪರೀಕ್ಷಿಸಿ, ಗುಂಡಿ ಒತ್ತಿದರು.