ಎದೆಯ ಮೇಲಿನ ಕೊಕ್ಕೆ

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಅಕ್ಕನ ಲೆಕ್ಕದಲ್ಲಿ ಕಸ ಅನ್ನೋದೇ ಇಲ್ಲ. ಕೆಟ್ಟ ಜಿಪ್ಪು, ಮುರಿದ ಬೀಗದ ಕೈ, ನಾನು ಏನನ್ನೇ ಬಿಸಾಡಲು ಹೊರಟರೂ “ತಡೀರಿ, ತಡೀರಿ, ಅದು ಸರ ಆಗುತ್ತೆ!” ಎಂದು ಮೆಟ್ಟಿಲಿಳಿದು ಬರುತ್ತಾರೆ. ದಿನಕ್ಕೊಂದು ಸರ ಪೋಣಿಸಿ, ಅದನ್ನು ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಹಾಲು ತರಲು ಹೋಗುತ್ತಾರೆ. ನಮ್ಮ ನಲ್ಲಿಯ ಹಳೇ ವಾಷರುಗಳು ಅವರ ಕೊರಳಲ್ಲಿ ಮೆರೆಯೋದು ನೋಡಿ ನನ್ನ ಹೆಂಡತಿಗೇ ಹೊಟ್ಟೆಕಿಚ್ಚು. ಅವರ ಸರಗಳಿಗೆಲ್ಲ ಕೊಕ್ಕೆ ಮುಂದೆ, ಎದೆಯ ಮೇಲೆ; ಅದೇ ಹೊಸ ಫ್ಯಾಷನ್ ಅಂತ ಬೀದಿಯ ಹೆಂಗಸರೂ ತಮ್ಮ ಸರ ತಿರುಗಿಸಿ ಹಾಕಿಕೊಂಡರು. “ಈ ಸ್ಟೈಲು ಎಲ್ಲಿ ಕಲಿತಿರಿ ಅಕ್ಕ?” ಎಂದು ನನ್ನ ಹೆಂಡತಿ ಮೇಲೆ ಹೋಗಿ ಕೇಳಿದಳು. “ಸ್ಟೈಲೂ ಇಲ್ಲ, ಮಣ್ಣೂ ಇಲ್ಲ,” ಎಂದು ಅಕ್ಕ ನಕ್ಕರು. “ನನ್ನ ಕೈ ಕತ್ತಿನ ಹಿಂದಕ್ಕೆ ಹೋಗಲ್ಲ. ಹಾಕಿಕೊಡೋಕೆ ಮನೇಲಿ ಯಾರಿದ್ದಾರೆ?” ಕೆಳಗೆ ಬಂದವಳು ತನ್ನ ಸರ ಬಿಚ್ಚಿ, ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತಳು.